ಮೊದಲು ಹೋದ ಉತ್ತರ

ನಮ್ಮ ಮನೆತನದಲ್ಲಿ ಬಂಗಾರವಿಲ್ಲ, ಹೊಲವಿಲ್ಲ, ಒಂದು ಪದ್ಧತಿ ಮಾತ್ರ ಇದೆ. ಬಾಗಿಲಿಗೆ ಬಂದವರನ್ನು ಉತ್ತರವಿಲ್ಲದೆ ನಿಲ್ಲಿಸಬಾರದು. ಅಪ್ಪ ತುಳಜಾರಾಮ ಬಿಟ್ಟುಹೋದ ಆಸ್ತಿ ಅದೊಂದೇ. ಅದನ್ನು ನಾನೂ ನನ್ನ ತಮ್ಮ ರತ್ನದೀಪನೂ ಜಗಳವಿಲ್ಲದೆ ಹಂಚಿಕೊಂಡಿದ್ದೆವು.

ಅಪ್ಪನ ಊರು ನಾರಾಯಣಪುರ. ಅಲ್ಲಿಯ ಹಳೇ ಗುಡಿಯ ಕಲ್ಲುಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಪ್ಪನಿಗೆ ಮಾತ್ರ ಆ ಊರಲ್ಲಿ ನೆನಪಿದ್ದದ್ದು ಒಂದೇ ಕಲ್ಲು, ಪಾಟೀಲರ ವಾಡೆಯ ಬಾಗಿಲ ಮುಂದಿನದು. ಅಪ್ಪ ಸಣ್ಣವರಿದ್ದಾಗ ಅವರ ಅವ್ವನಿಗೆ ಜ್ವರ ಏರಿ ಮೈಮೇಲೆ ಎಚ್ಚರ ತಪ್ಪಿತಂತೆ. ಬಸವಕಲ್ಯಾಣದ ದವಾಖಾನೆಗೆ ಒಯ್ಯಲು ಬಂಡಿ ಕೇಳಿಕೊಂಡು ಬಾ ಎಂದು ಅಜ್ಜ ಕಳಿಸಿದರು. ನಾವು ಯಾವ ಕೇರಿಯವರು ಎಂಬುದು ಊರಿಗೆಲ್ಲ ಗೊತ್ತಿರುವಾಗ ಒಳಗೆ ಕಾಲಿಡುವ ಮಾತೇ ಇಲ್ಲ. ಅಪ್ಪ ಆ ಕಲ್ಲಿನ ಮೇಲೆ ನಿಂತು ಕೂಗಿದರು. ಒಬ್ಬರು ಬಂದು ನೋಡಿ ಒಳಗೆ ಹೋದರು, ಇನ್ನೊಬ್ಬರು ಬಂದು ಎಮ್ಮೆಗೆ ನೀರು ಕುಡಿಸಿ ಹೋದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಂಡಿ ಕಣ್ಣೆದುರಿಗೇ ಇತ್ತು. ಹೊತ್ತು ಮುಳುಗುವವರೆಗೆ ನಿಂತು ಅಪ್ಪ ಮನೆಗೆ ಬಂದಾಗ ಅವ್ವ ಇರಲಿಲ್ಲ.

"ಇಲ್ಲ ಅಂದಿದ್ರೂ ಸಾಕಾಗಿತ್ತವ್ವ," ಎನ್ನುತ್ತಿದ್ದರು ಅಪ್ಪ. "ಇಲ್ಲ ಅಂದಿದ್ರ ಹೊತಗೊಂಡು ಓಡ್ತಿದ್ದಿವಿ."

ಮುಂದೆ ಅಪ್ಪ ಬಸವಕಲ್ಯಾಣದ ಒಂದು ಕಚೇರಿಯಲ್ಲಿ ಜವಾನರಾದರು. ಸಾಹೇಬರ ಬಾಗಿಲು ಕಾಯುವ ಕೆಲಸ. ಯಾರೇ ಬರಲಿ, ನಿಂತವರನ್ನು ಕಂಡರೆ ಅಪ್ಪನಿಗೆ ತಡೆಯುತ್ತಿರಲಿಲ್ಲ. ಒಳಗೆ ಹೋಗಿ ಬೈಸಿಕೊಂಡಾದರೂ ಏನಾದರೊಂದು ಮಾತು ತಂದು ಕೊಡುತ್ತಿದ್ದರು. ನಾವಿಬ್ಬರೂ ಅದನ್ನು ನೋಡಿ ಬೆಳೆದೆವು. ಆದರೆ ಮಕ್ಕಳ ಬುದ್ಧಿ ನೋಡಿ, ಅಪ್ಪ ಹೇಳಿದ ಅಷ್ಟೂ ಮಾತಿನಲ್ಲಿ ನಮಗೆ ಸಿಹಿಯಾದದ್ದನ್ನು ಮಾತ್ರ ಇಟ್ಟುಕೊಂಡೆವು. ನಮ್ಮ ಮನೆಯಲ್ಲಿ ಯಾರು ಏನು ಕೇಳಿದರೂ ಮೊದಲ ಮಾತು "ಆತು ಬರ್ರಿ". ಮಾಡಲು ಆಗುತ್ತದೋ ಇಲ್ಲವೋ, ಅದು ಆಮೇಲಿನ ವಿಚಾರ.

ರತ್ನದೀಪ ಬೀದರಿನಲ್ಲಿ ಓದಿ ಹುಮನಾಬಾದಿನ ಒಂದು ಟ್ರಸ್ಟಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ. ಟ್ರಸ್ಟಿಗೆ ಹುಮನಾಬಾದಿನಲ್ಲಿ ಆಸ್ಪತ್ರೆ ಇದೆ, ನಮ್ಮ ಬಸವಕಲ್ಯಾಣದಲ್ಲಿ ಒಂದು ಕೌಂಟರ್ ಇದೆ. ಕಿಡ್ನಿ ಕೈಕೊಟ್ಟವರು ಡಯಾಲಿಸಿಸ್ ಮಾಡಿಸಿಕೊಳ್ಳಲು ಕೌಂಟರಿನಲ್ಲಿ ಪಾಳಿ ಹಚ್ಚಿ, ಆಮೇಲೆ ಹುಮನಾಬಾದಿಗೆ ಹೋಗಬೇಕು. ಪಾಳಿ ಹಚ್ಚುವ ಸಾಫ್ಟ್‌ವೇರ್ ದೊಡ್ಡ ಬ್ಯಾಂಕುಗಳಲ್ಲಿ ವ್ಯವಹಾರ ನಡೆಸುವ ಜಾತಿಯದಂತೆ. ಟ್ರಸ್ಟಿನ ದೊಡ್ಡವರೊಬ್ಬರು ಹೈದರಾಬಾದಿನಿಂದ ಯಾರದೋ ಕೈಕಾಲು ಹಿಡಿದು ತಂದಿದ್ದರು. ಅದನ್ನು ಸಂಭಾಳಿಸುವವನು ನನ್ನ ತಮ್ಮ.

ನನ್ನ ಯಜಮಾನರು ದೇವಿದಾಸ. ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ ಅವರದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಬುದ್ಧ, ಬಾಬಾಸಾಹೇಬರು, ಬಸವಣ್ಣ, ಮಕ್ಕಾ ಎಲ್ಲರೂ ಅವರ ಅಂಗಡಿಯ ಗೋಡೆಗೆ ಸಾಲಾಗಿ ಒರಗಿ ಕೂತಿರುತ್ತಿದ್ದರು. "ನಮ್ಮ ಅಂಗಡ್ಯಾಗ ಇವರೆಲ್ಲಾ ಸುಮ್ನ ಬಾಜೂಬಾಜೂ ಕೂಡ್ತಾರ, ಹೊರಗ ಹೋದಮ್ಯಾಲ ಜಗಳ ನಮ್ಮವು," ಎಂದು ನಗುವ ಮನುಷ್ಯ. ನಾನು ಶಾಲೆಯಲ್ಲಿ ಮಕ್ಕಳ ಮೇಲೆ ಕೂಗಾಡಿ ಬಂದರೆ ಅವರು ಚಹಾ ಮಾಡಿ ಇಟ್ಟಿರುತ್ತಿದ್ದರು. ಅವರ ಕಿಡ್ನಿ ಎರಡೂ ಹೋದ ಮೇಲೆ ನಮ್ಮ ವಾರ ಹುಮನಾಬಾದಿನ ಪಾಳಿಯ ಸುತ್ತಲೇ ತಿರುಗುತ್ತಿತ್ತು.

ಒಂದು ಭಾನುವಾರ ರತ್ನದೀಪ ನಮ್ಮ ಮನೆಗೆ ಬಂದವನು ಊಟಕ್ಕೆ ಕೂತರೂ ರೊಟ್ಟಿ ಮುರಿಯಲಿಲ್ಲ. ಹಿಂದಿನ ದಿನ ಕೌಂಟರಿನಲ್ಲಿ ಹಳ್ಳಿಯಿಂದ ಬಂದ ವಜೀರಬಿ ಎಂಬ ಮುದುಕಿಯನ್ನು ನೋಡಿದ್ದನಂತೆ. ಆಕೆ ಗಾಜಿಗೆ ಕೈ ಊರಿಕೊಂಡು ನಿಂತಿದ್ದಳು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಕೌಂಟರಿನ ಹುಡುಗಿ ಏನೂ ಹೇಳುವಂತಿಲ್ಲ, ಮುದುಕಿ ಹೋಗುವಂತಿಲ್ಲ.

"ಹೂಂ ಇಲ್ಲ, ಊಹೂಂ ಇಲ್ಲ ಅಕ್ಕಾ. ಮುದುಕಿ ಕಾಲು ನಡಗಾಕತ್ತಿದ್ವು. ನನಗ ಅಪ್ಪನೇ ನಿಂತಂಗಾತು."

"ಯಾಕ ಅಷ್ಟು ತಡಾ ಮಾಡ್ತದ ನಿನ್ನ ಮಿಷನ್?" ಎಂದು ಕೇಳಿದೆ.

ಅವನು ಬೆರಳಿನಿಂದ ತಾಟಿನ ಅಂಚಿನ ಮೇಲೆ ಗೆರೆ ಎಳೆಯುತ್ತ ಹೇಳಿದ. "ಇಲ್ಲಿಂದ ಕೇಳಿದ್ದು ಸರ್ವರಿಗೆ ಹೋಗ್ತದ. ಸರ್ವರ್ ಡಯಾಲಿಸಿಸ್ ಕುರ್ಚಿ ಖಾಲಿ ಅದನೋ ಇಲ್ಲೋ ನೋಡ್ತದ, ಹೆಸರು ಬರೀತದ, ಆಮ್ಯಾಲ ಉತ್ತರ ಕಳಸ್ತದ. ಉತ್ತರ ಕಳಸಾಕ ಒಂದು ಕಮಾಂಡ್ ಅದ, ಸೆಂಡ್ ಅಂತ. ಅದಕ್ಕ ಎರಡು ದಾರಿ ಅವ. ನಾವು ಏನೂ ಹೇಳಲಿಲ್ಲಂದ್ರ, ಕೆಲಸೆಲ್ಲಾ ಮುಗಿಯೂತನಕ ಉತ್ತರ ತನ್ನ ಹಂತ್ಯಾಕ ಇಟಗೋತದ. ಈಗಿಂದೀಗ ಕಳಸು ಅಂದ್ರ, ಕೆಲಸ ಬಾಕಿ ಇದ್ರೂ ಉತ್ತರ ಮೊದ್ಲ ಹೋಗಿಬಿಡ್ತದ."

"ಮೊದ್ಲ ಕಳಸು ಮತ್ತ. ಮುದುಕಿ ಯಾಕ ನಿಂದ್ರಬೇಕು?" ಎಂದರು ನನ್ನ ಯಜಮಾನರು. ನಾನೂ ತಲೆ ಆಡಿಸಿದೆ. ಆ ಹೊತ್ತಿಗೆ ನಮ್ಮ ಮೂವರಲ್ಲಿ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ತಮ್ಮ ಕಮಾಂಡನ್ನು ಮುಂದಕ್ಕೆ ತಂದ. ಗುಂಡಿ ಒತ್ತಿದ ಕೂಡಲೇ "ನಿಮ್ಮ ಪಾಳಿ ಖಾತ್ರಿಯಾಗಿದೆ, ದಯವಿಟ್ಟು ಬನ್ನಿ" ಎಂದು ಪರದೆಯ ಮೇಲೂ ಮೊಬೈಲಿನಲ್ಲೂ ಉತ್ತರ ಬರತೊಡಗಿತು. ಕುರ್ಚಿ ನೋಡುವುದು, ಹೆಸರು ಬರೆಯುವುದು ಅದರ ಬೆನ್ನಿಗೆ ನಡೆಯುತ್ತಿತ್ತು. ಕುರ್ಚಿ ಇಲ್ಲದಿದ್ದರೆ ಆಸ್ಪತ್ರೆಯವರು ಫೋನ್ ಮಾಡಿ ಹೇಗೋ ಹೊಂದಿಸಿಕೊಳ್ಳುತ್ತಿದ್ದರು. ಜನಕ್ಕೆ ಖುಷಿಯೋ ಖುಷಿ. ವಜೀರಬಿ ರತ್ನದೀಪನ ಗಲ್ಲ ಸವರಿ ಹರಸಿದಳಂತೆ. ಟ್ರಸ್ಟಿನವರು ಶಾಲು ಹೊದಿಸಿದರು. ಆ ಫೋಟೋಗೆ ನನ್ನ ಯಜಮಾನರೇ ಒಳ್ಳೇ ತೇಗದ ಕಟ್ಟು ಹಾಕಿ ನಮ್ಮ ಪಡಸಾಲೆಯಲ್ಲಿ ತೂಗುಹಾಕಿದರು. ತಮ್ಮ ಅದನ್ನು ನೋಡಿ, "ಮಾಮಾ, ನನಗಿಂತ ಕಟ್ಟೇ ಚೊಲೋ ಕಾಣತದ," ಎಂದು ನಾಚಿಕೊಂಡ.

ಹೀಗೆ ಮಳೆಗಾಲ ಕಳೆದು ಕಬ್ಬಿನ ಸುಗ್ಗಿ ಬಂತು.

ಒಂದು ಸಲ ಡಯಾಲಿಸಿಸ್ ನಡೆದಿರುವಾಗಲೇ ಮಷಿನ್ ಕೆಟ್ಟು ನನ್ನ ಯಜಮಾನರನ್ನು ಅರ್ಧಕ್ಕೇ ಎಬ್ಬಿಸಿದರು. ಡಾಕ್ಟರು ಅವರ ಕಾಲಿನ ಬಾವು ಒತ್ತಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, "ಮುಂದಿನ ಪಾಳಿ ಮಾತ್ರ ತಪ್ಪಿಸಬ್ಯಾಡ್ರಿ. ಇಲ್ಲಿ ಆಗಲಿಲ್ಲಂದ್ರ ಕಲಬುರ್ಗಿಗೆ ಹೋಗ್ರಿ, ಬೀದರಕ್ಕ ಹೋಗ್ರಿ, ಎಲ್ಲ್ಯಾದ್ರೂ ಮಾಡಸ್ರಿ."

ಆ ಮುಂದಿನ ಪಾಳಿಯ ದಿನ ಬೆಳಿಗ್ಗೆ ಅವರ ಮುಖ ಊದಿತ್ತು, ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. ನಮ್ಮ ಹೆಡ್‌ಮಾಸ್ತರ್ ಅಬ್ದುಲ್ ಕರೀಂ ಸರ್ ತಮ್ಮ ಕಾರಿನಲ್ಲಿ ಕಲಬುರ್ಗಿಗೆ ಹೊರಟಿದ್ದರು. ವಿಷಯ ಗೊತ್ತಾಗಿ ಮನೆ ಮುಂದೆ ಕಾರು ನಿಲ್ಲಿಸಿ, "ಮನೀಷಾ ಬಾಯಿ, ಹುಮನಾಬಾದ್ ಮ್ಯಾಲೇ ಹೊಂಟೀನ್ರಿ. ಪಾಳಿ ಸಿಕ್ರ ಅಲ್ಲಿ ಇಳಸ್ತೀನಿ. ಸಿಗಲಿಲ್ಲಂದ್ರ ಸೀದಾ ಕಲಬುರ್ಗಿಗೆ ಕರಕೊಂಡು ಹೋಗ್ತೀನಿ, ಫಿಕರ್ ಮಾಡಬ್ಯಾಡ್ರಿ," ಎಂದರು.

ಯಜಮಾನರನ್ನು ಕಾರಿನಲ್ಲಿ ಕೂಡಿಸಿ ನಾನು ಕೌಂಟರಿಗೆ ಓಡಿದೆ. ಹುಡುಗಿ ಗುಂಡಿ ಒತ್ತಿದಳೋ ಇಲ್ಲವೋ ಉತ್ತರ ಬಂತು. ನಿಮ್ಮ ಪಾಳಿ ಖಾತ್ರಿಯಾಗಿದೆ, ದಯವಿಟ್ಟು ಬನ್ನಿ. ಅದನ್ನು ಓದಿ ನಾನು ಅಲ್ಲೇ ನಿಂತು ಕಣ್ಣು ಒರೆಸಿಕೊಂಡೆ. ನನ್ನ ತಮ್ಮನ ಬಗ್ಗೆ ಅಷ್ಟು ಅಭಿಮಾನ ನನಗೆ ಹಿಂದೆಂದೂ ಬಂದಿರಲಿಲ್ಲ.

ಹುಮನಾಬಾದಿನ ಆಸ್ಪತ್ರೆಯ ಗೇಟಿನಲ್ಲಿ ಕರೀಂ ಸರ್ ಕಾರು ಆರಿಸದೆ ಕೇಳಿದರು, "ಒಳಗ ಕುಂತಾರ ಅನ್ನೂತನಕ ನಿಂದ್ರಲೇನ್ರಿ?"

"ಬ್ಯಾಡ್ರಿ ಸರ್, ಪಾಳಿ ಆಗ್ಯದ. ನೀವು ಹೋಗ್ರಿ, ನಿಮಗ ತಡಾ ಆಗ್ತದ," ಎಂದು ಮೊಬೈಲ್ ತೋರಿಸಿದೆ. ಅವರು ಓದಿ, ನಿಶ್ಚಿಂತೆಯಿಂದ ಹೋದರು.

ಒಳಗೆ ಡಯಾಲಿಸಿಸ್ ನೋಡಿಕೊಳ್ಳುವ ಸಲಾವುದ್ದೀನ್ ಕಂಪ್ಯೂಟರಿನಲ್ಲಿ ಹುಡುಕಿದ, ಮತ್ತೆ ಹುಡುಕಿದ. "ಬಾಯಾರ, ನಿಮ್ಮ ಹೆಸರೇ ಇಲ್ರಿ." ನಾನು ಮೊಬೈಲ್ ತೋರಿಸಿದೆ. ಅವನು ತಲೆ ಕೆರೆದುಕೊಂಡ. ಎಲ್ಲ ಕುರ್ಚಿಯಲ್ಲೂ ಜನ ಇದ್ದರು, ರಕ್ತ ಕೊಳವೆಗಳಲ್ಲಿ ತಿರುಗುತ್ತಿತ್ತು, ನಡುವೆ ಯಾರನ್ನೂ ಎಬ್ಬಿಸುವಂತಿರಲಿಲ್ಲ. ಮುಂದಿನ ಸರತಿಗೂ ಹಿಂದಿನ ದಿನವೇ ಬರೆದ ಹೆಸರುಗಳಿದ್ದವು. ಆದರೆ ಅವನೂ ಈ ಕಡೆಯ ಮನುಷ್ಯನೇ. ಎದುರಿಗೆ ಉಸಿರಾಡಲು ಒದ್ದಾಡುವವರನ್ನು ನಿಲ್ಲಿಸಿಕೊಂಡು ಇಲ್ಲ ಎನ್ನಲು ಅವನಿಂದಾಗಲಿಲ್ಲ. "ಕೂಡ್ರಿ ಬಾಯಾರ, ಆಗ್ತದ. ಏನಾರ ಮಾಡ್ತೀನಿ," ಎಂದ.

ನಾವು ಕೂತೆವು. ಕರೀಂ ಸರ್‌ಗೆ ಫೋನ್ ಮಾಡಿ ಕರೆಸಬೇಕು ಎಂದು ಕೈಗೆ ಮೊಬೈಲ್ ತೆಗೆದುಕೊಂಡೆ. ಆಗ್ತದ ಎಂದಿದ್ದಾನಲ್ಲ ಎಂದು ಕೆಳಗಿಟ್ಟೆ. ಊಟದ ಹೊತ್ತು ಬಂತು, ಸರತಿ ಬದಲಾಯಿತು, ಹೆಸರು ಇದ್ದವರು ಬಂದು ತಮ್ಮ ತಮ್ಮ ಕುರ್ಚಿಗಳಲ್ಲಿ ಕೂತರು. ಅವರನ್ನೂ ಯಾವ ಬಾಯಿಂದ ಬೈಯಲಿ? ನಮ್ಮ ಹಾಗೇ ಮುಖ ಊದಿಸಿಕೊಂಡು ಬಂದವರು. ಸಲಾವುದ್ದೀನ್ ನಮ್ಮ ಮುಂದಿನಿಂದ ಹಾಯುವಾಗೆಲ್ಲ "ಇನ್ನ ಸ್ವಲ್ಪ" ಎನ್ನುತ್ತಿದ್ದ. ಅಷ್ಟರಲ್ಲಿ ಇನ್ನೂ ಕೆಲವರು ಖಾತ್ರಿ ಉತ್ತರ ಹಿಡಿದುಕೊಂಡು ಬಂದು ಬೆಂಚು ತುಂಬಿತು. ಅವರ್ಯಾರ ಹೆಸರೂ ಒಳಗಿರಲಿಲ್ಲ. ಆಗ ಸಲಾವುದ್ದೀನ್ ಫೋನ್ ಹಚ್ಚಿ ರತ್ನದೀಪನನ್ನು ಕರೆಸಿದ.

ತಮ್ಮ ಓಡಿ ಬಂದು ಕಂಪ್ಯೂಟರ್ ಮುಂದೆ ಕೂತ. ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಕೈ ಕೀಲಿಗಳ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಏನಾಗ್ಯದ ಹೇಳೋ," ಎಂದೆ.

"ಅಕ್ಕಾ, ಉತ್ತರ ಹೋಗ್ಯದ. ಕೆಲಸ ಆಗಿಲ್ಲ."

"ಹಂಗಂದ್ರ?"

"ಸರ್ವರದಾಗ ಬರಿಯೂ ಜಾಗಾ ತುಂಬ್ಯದ. ನಸುಕಿನಿಂದ ಒಂದು ಹೆಸರೂ ಬರದಿಲ್ಲ. ಬರಿಯಾಕ ಹೋಗ್ಯದ, ಬಿದ್ದದ. ಬರಿಯಾಕ ಹೋಗ್ಯದ, ಬಿದ್ದದ. ಮೊದಲಿನಂಗ ಇದ್ದಿದ್ರ ಬಿದ್ದ ಕೂಡ್ಲೆ ಆಗಿಲ್ಲ ಅಂತ ಅದೇ ಹೇಳ್ತಿತ್ತು." ಅವನ ದನಿ ಸಣ್ಣಗಾಯಿತು. "ನಾನೇ ಅದರ ಬಾಯಾಗ ಮೊದ್ಲೇ ಆತು ಅಂತ ತುರುಕೀನಿ. ಅದು ಎಲ್ಲಾರಿಗೂ ಬರ್ರಿ ಬರ್ರಿ ಅನ್ನಾಕತ್ತದ. ಹೋದ ಉತ್ತರ ತಿರುಗಿ ಕರಿಯಾಕ ಬರಂಗಿಲ್ಲ ಅಕ್ಕಾ."

ನಾನು ಅವನಿಗೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಬೆಂಚಿನ ಕಡೆ ನೋಡಿದೆ. ನನ್ನ ಯಜಮಾನರು ಗೋಡೆಗೆ ಒರಗಿ, ಬಾಯಿ ತೆರೆದು, ನನ್ನನ್ನೇ ನೋಡುತ್ತಿದ್ದರು. ಹತ್ತಿರ ಹೋದೆ.

"ಮನೀಷಾ, ನಮ್ಮ ಪಾಳಿ ಅದ ಹೌದಿಲ್ಲೋ?"

"ಅದ್ರಿ. ಇನ್ನೇನ ಕರೀತಾರ," ಎಂದೆ.

ಯೋಚನೆ ಮಾಡುವ ಮೊದಲೇ ಆ ಮಾತು ಬಾಯಿಂದ ಹೋಗಿತ್ತು. ಅವರು ನನ್ನನ್ನು ನಂಬಿ ಕಣ್ಣು ಮುಚ್ಚಿಕೊಂಡರು.

ಕೊನೆಗೆ ಇಲ್ಲ ಎಂದದ್ದು ಡಾಕ್ಟರು. "ಇಲ್ಲಿ ಆಗಂಗಿಲ್ಲ, ಹಿಂಗ ಕೂಡಿಸಿ ಇಟ್ಟವ್ರ್ಯಾರು? ಬೀದರಕ್ಕ ಒಯ್ರಿ, ಒಯ್ರಿ," ಎಂದು ಎಲ್ಲರ ಮೇಲೂ ಹರಿಹಾಯ್ದು ಆಂಬುಲೆನ್ಸ್ ತರಿಸಿದರು. ಇಡೀ ದಿನ ನಾನು ಕೇಳಿದ ಒಂದೇ ನೇರ ಉತ್ತರ ಅದು. ಬಿಸಿಲು ಇಳಿಯುತ್ತಿತ್ತು.

ಹಳ್ಳಿಖೇಡದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಸುಗ್ಗಿಯಲ್ಲಿ ಅದು ದಿನದ ಮಾತು, ಯಾರನ್ನು ಬೈಯುವುದು? ಡ್ರೈವರ್ ಸೈರನ್ ಹಾಕಿ, ಕೈ ಹೊರಚಾಚಿ ಕೂಗಿ, ಅಂತೂ ಸರಿದು ಸರಿದು ಹೋಗುತ್ತಿದ್ದ. ರತ್ನದೀಪ ಅವರ ಕಾಲು ಹಿಡಿದುಕೊಂಡು ಕೂತಿದ್ದ. ಯಜಮಾನರು ಕಿಟಕಿಯಲ್ಲಿ ಕಾಣುವ ಕಬ್ಬಿನ ಹೇರನ್ನು ನೋಡಿ ಏನೋ ಅಂದರು. ಬಗ್ಗಿ ಕೇಳಿದೆ. "ಕಟ್ಟು ಸಡ್ಲ ಅದ, ಬೀಳ್ತದ ನೋಡು," ಎಂದರು. ಕಟ್ಟು ಹಾಕುವವರ ಕಣ್ಣು ಅಲ್ಲವೇ? ಆಮೇಲೆ ಏನೂ ಅನ್ನಲಿಲ್ಲ. ಬೀದರಿನ ದೀಪಗಳು ಕಾಣುವ ಮೊದಲೇ ನನ್ನ ಕೈಯಲ್ಲಿದ್ದ ಅವರ ಕೈ ಬರೀ ತೂಕವಾಯಿತು.

ಬೆಳಗಿನಿಂದ ಎಷ್ಟು ಜನ ನಮಗೆ ಆತು ಎಂದರು! ಕೌಂಟರಿನ ಮಷಿನ್ ಎಂದಿತು, ಸಲಾವುದ್ದೀನ್ ಎಂದ, ನಾನು ಕರೀಂ ಸರ್‌ಗೆ ಎಂದೆ, ನನ್ನ ಗಂಡನಿಗೆ ಎಂದೆ. ಒಬ್ಬರೂ ಕೆಟ್ಟವರಲ್ಲ. ಕೌಂಟರಿನಲ್ಲಿ ಒಂದೇ ಒಂದು ಇಲ್ಲ ಸಿಕ್ಕಿದ್ದರೆ ಮಧ್ಯಾಹ್ನದ ಹೊತ್ತಿಗೆ ಅವರು ಕಲಬುರ್ಗಿಯಲ್ಲಿ ಕುರ್ಚಿಯ ಮೇಲೆ ಕೂತು, ಪಕ್ಕದವರಿಗೆ ಬಾಬಾಸಾಹೇಬರ ಮತ್ತು ಮಕ್ಕಾದ ಕಥೆ ಹೇಳುತ್ತಿದ್ದರು. ಅಪ್ಪ ಬಾಯಿಬಿಟ್ಟು ಹೇಳಿದ್ದರಲ್ಲ, ಇಲ್ಲ ಅಂದಿದ್ದರೂ ಸಾಕಾಗಿತ್ತೆಂದು. ಆ ಮಾತನ್ನು ನಾವಿಬ್ಬರೂ ಅಷ್ಟು ಸಲ ಕೇಳಿ ಒಂದು ಸಲವೂ ಕೇಳಿಸಿಕೊಳ್ಳಲಿಲ್ಲ.

ಮಣ್ಣು ಮಾಡುವಾಗ ರತ್ನದೀಪ ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದ. ಮನೆಯಲ್ಲಿ ಬುದ್ಧವಂದನೆ ನಡೆದ ದಿನವೂ ಅಂಗಳ ದಾಟಲಿಲ್ಲ. ಕಮಾಂಡನ್ನು ಅವನು ಮೊದಲಿನ ಹಾಗೇ ಇಟ್ಟಿದ್ದಾನಂತೆ. ಈಗ ಹೆಸರು ಬರೆದು ಮುಗಿಯುವವರೆಗೆ ಉತ್ತರ ಬರುವುದಿಲ್ಲ, ಜನ ಕೌಂಟರಿನಲ್ಲಿ ನಿಂತು ಬೈಯುತ್ತಾರಂತೆ. ಶಾಲು ಹೊದಿಸಿದವರೂ ಬೈಯುತ್ತಾರಂತೆ. ಅದನ್ನು ಹೇಳಿದ್ದು ಕೌಂಟರಿನ ಹುಡುಗಿ. ಕೇಳಿ ನನಗೆ ಸಮಾಧಾನವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ.

ಇವತ್ತು ಮಧ್ಯಾಹ್ನ ಅವನು ಬಂದಿದ್ದಾನೆ. ಹೊಸ್ತಿಲ ಆಚೆ, ಬಿಸಿಲಿನಲ್ಲಿ, ಎದೆಗೆ ಏನನ್ನೋ ಅವುಚಿಕೊಂಡು ನಿಂತಿದ್ದಾನೆ. ಸುತ್ತಿದ ಪೇಪರ್ ಒಂದು ಕಡೆ ಹರಿದಿದೆ. ನನ್ನ ಯಜಮಾನರ ಫೋಟೋ. ಊರಿಗೆಲ್ಲ ಕಟ್ಟು ಹಾಕಿದವರ ಫೋಟೋ ಇಷ್ಟು ದಿನ ನಮ್ಮ ಮನೆಯಲ್ಲಿ ಕಟ್ಟಿಲ್ಲದೆ ಗೋಡೆಗೆ ಒರಗಿತ್ತು, ಯಾರ ಅಂಗಡಿಗೆ ಒಯ್ಯಲಿ ಎಂದು ನನಗೆ ತೋಚಿರಲಿಲ್ಲ. ಇವನು ಇನ್ನೊಂದು ಫೋಟೋ ಹುಡುಕಿ ಹುಮನಾಬಾದಿನಲ್ಲಿ ಕಟ್ಟು ಹಾಕಿಸಿಕೊಂಡು ಬಂದಿದ್ದಾನೆ. ಮೂಲೆ ಸರಿಯಾಗಿ ಕೂತಿಲ್ಲ. ಅವರು ಇದ್ದಿದ್ದರೆ ಬಿಚ್ಚಿ ಮತ್ತೆ ಹಾಕುತ್ತಿದ್ದರು.

"ಅಕ್ಕಾ, ಒಳಗ ಬರ್ಲೇನು?"

ಬಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ಮನೆತನದ ನಾಲಿಗೆ, ತಡ ಮಾಡಿ ಗೊತ್ತಿಲ್ಲ. ಹಲ್ಲು ಕಚ್ಚಿ ಅದನ್ನು ಹಿಡಿದೆ. ಮೊದಲು ಒಳಗೆ ನೋಡಿಕೊಂಡೆ, ಅವನನ್ನು ಕ್ಷಮಿಸುವ ಕೆಲಸ ಆಗಿದೆಯೇ ಎಂದು. ಆಗಿಲ್ಲ. ಮಾಡಲು ಹೋಗುತ್ತೇನೆ, ಬೀಳುತ್ತೇನೆ. ಹಾಗಾದರೆ ಹೋಗು ಎನ್ನಬೇಕು. ಅವನನ್ನು ಎತ್ತಿ ಆಡಿಸಿದವಳು ನಾನು, ಅದೂ ಬಾಯಿಗೆ ಬರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬಂತು, ಎದ್ದು ಒಲೆ ಆರಿಸಿ ಬಂದೆ. ಅವನು ನೋಡಿದ. ಅಂಗಳಕ್ಕೆ ಬಂದ ಬೀದಿ ದನಕ್ಕೆ ನೀರು ಇಟ್ಟು ಬಂದೆ. ಅದನ್ನೂ ನೋಡಿದ.

ಮತ್ತೆ ಕೇಳಲಿಲ್ಲ. ಫೋಟೋವನ್ನು ಕೆಳಗೂ ಇಡಲಿಲ್ಲ. ನಾನು ಒಳಗೆ ಕಂಬಕ್ಕೆ ಒರಗಿ ಕೂತಿದ್ದೇನೆ, ಹೂಂ ಎನ್ನದೆ, ಊಹೂಂ ಎನ್ನದೆ. ಅವನು ನಮ್ಮಪ್ಪನ ಮಗ, ಹೊತ್ತು ಮುಳುಗುವವರೆಗೂ ನಿಲ್ಲುತ್ತಾನೆ.